ಕಣ್ಣು ಮರೆಸಿ ಕಿವಿ ಕೊಡಿ

ಅಂಗಡಿಯಲ್ಲಿ ಅಗ್ಗದ್ದಕ್ಕಿಂತ ದುಬಾರಿ ಆಂಪ್ಲಿಫೈಯರೇ ಇಂಪಾಗಿ ಕೇಳಿಸಿತು ಅಂದಿದ್ದೀರಿ. ಅದರ ದನಿ ಒಂದು ಚೂರು ಜೋರಾಗಿದ್ದಿರಬಹುದು. ಜೋರಾಗಿದ್ದದ್ದೇ ಕಿವಿಗೆ ಚೆನ್ನ ಅನ್ನಿಸುತ್ತದೆ (ಮಾರುವವರಿಗೂ ಇದು ಗೊತ್ತು).

ಎರಡನ್ನೂ ಮನೆಗೆ ತರಿಸಿ, ಒಂದೇ ಸ್ಪೀಕರಿಗೆ ಸೆಲೆಕ್ಟರ್ ಸ್ವಿಚ್ಚಿನಲ್ಲಿ ಜೋಡಿಸಿ. 1000 ಹರ್ಟ್ಸ್ ಟೋನನ್ನು ಸಣ್ಣಗೆ ನುಡಿಸಿ, ಸ್ಪೀಕರ್ ತಂತಿ ಸಿಕ್ಕಿಸುವ ಕಡೆ ಮಲ್ಟಿಮೀಟರಿನಲ್ಲಿ ಎ.ಸಿ. ವೋಲ್ಟೇಜ್ ನೋಡಿ. ಎರಡರ ಅಂಕಿಗಳ ವ್ಯತ್ಯಾಸ ಶೇ 1ರೊಳಗಿರಬೇಕು, ಅಂದರೆ ಸುಮಾರು 0.1 ಡೆಸಿಬೆಲ್. ಕಿವಿಯಂದಾಜು ಇಲ್ಲಿ ನಡೆಯದು.

ಆಮೇಲೆ ನಿಮಗೆ ಕಾಣದಂತೆ ಮನೆಯವರು ಯಾರಾದರೂ ನಾಣ್ಯ ಚಿಮ್ಮಿ ಸ್ವಿಚ್ ಬದಲಿಸಲಿ. ಹಾಡು ಪೂರ್ತಿ ಬೇಡ. ತಂಬೂರಿ ಶ್ರುತಿಯ ಹತ್ತು ಸೆಕೆಂಡು ಸಾಕು, ಧ್ವನಿಯ ನೆನಪು ಬೇಗ ಮಾಸುತ್ತದೆ. ಹೀಗೆ 16 ಸಲ ಕೇಳಿ, 12 ಸಲ ಯಾವುದೆಂದು ಸರಿಯಾಗಿ ಗುರುತಿಸಿದರೆ ವ್ಯತ್ಯಾಸ ಇದೆ ಎನ್ನಬಹುದು. ಎಂಟೊಂಬತ್ತಕ್ಕೆ ನಿಂತರೆ ಅಗ್ಗದ್ದನ್ನೇ ಇಟ್ಟುಕೊಂಡು, ಉಳಿದ ಹಣವನ್ನು ಒಳ್ಳೆಯ ಸ್ಪೀಕರಿಗೆ ಹಾಕಿ.