ಕೂಸನ್ನು ನೋಡಿಕೊಳ್ಳುವವರು ಯಾರು?

ಹೊಟ್ಟೆಪಾಡಿಗಾಗಿ ಪುಣೆಗೆ ಬಂದ ನಮ್ಮ ಕುಟುಂಬಗಳಲ್ಲಿ ಗಂಡಹೆಂಡಿರಿಬ್ಬರೂ ಬೆಳಿಗ್ಗೆಯೇ ಮನೆ ಬಿಡುವುದು ಸಾಮಾನ್ಯವಾಗಿದೆ. ಊರಿನಲ್ಲಾದರೆ ಅಜ್ಜಿ ಇರುತ್ತಿದ್ದಳು, ಚಿಕ್ಕಮ್ಮ ಇರುತ್ತಿದ್ದಳು. ಇಲ್ಲಿ ಕೂಸನ್ನು ನೋಡಿಕೊಳ್ಳುವವರು ಯಾರು? ಕಲಬುರಗಿ, ಯಾದಗಿರಿ, ವಿಜಯಪುರಗಳ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರಲ್ಲಿ ಇದಕ್ಕೆ ಸಿಗುವ ಉತ್ತರ ಬಹುಮಟ್ಟಿಗೆ ಒಂದೇ: ಮನೆಯ ಹಿರಿಯ ಹುಡುಗಿ. ಎಂಟೊಂಬತ್ತು ವರ್ಷದವಳು ತಮ್ಮನನ್ನು ಕಂಕುಳಲ್ಲೆತ್ತಿಕೊಂಡು ತಗಡಿನ ಶೆಡ್ಡಿನ ಮುಂದೆ ನಿಂತಿರುತ್ತಾಳೆ. ಕೂಸಿನ ಚಿಂತೆ ತಾಯಿಗೆ ತಪ್ಪಿತು, ನಿಜ. ಅದರ ಬೆಲೆಯನ್ನು ಮಾತ್ರ ಆ ಹುಡುಗಿ ತನ್ನ ಶಾಲೆಯಿಂದ ತೆತ್ತಳು. ತಂದೆತಾಯಿಗಳನ್ನು ದೂರುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಬೇರೆ ದಾರಿಯಿದೆಯೆಂದು ಎಷ್ಟೋ ಜನರಿಗೆ ಯಾರೂ ಹೇಳಿಲ್ಲ, ಅಷ್ಟೇ.

ಈ ತೊಡಕನ್ನು ಮಹಾರಾಷ್ಟ್ರದಲ್ಲಿಯೇ ಒಬ್ಬರು ಬಹು ಹಿಂದೆ ಕಂಡುಕೊಂಡಿದ್ದರು. ತಾರಾಬಾಯಿ ಮೋಡಕರು 1945ರಲ್ಲಿ ಬೋರ್ಡಿ ಎಂಬ ಹಳ್ಳಿಯಲ್ಲಿ ಬಡಮಕ್ಕಳ ಶಿಕ್ಷಣದ ಕೆಲಸಕ್ಕೆ ಕೈಹಾಕಿದರು. ಅನುತಾಯಿ ವಾಘ ಅವರ ಜೊತೆಗಿದ್ದರು. ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಲಿ ಎಂದು ಮನೆಯಂಗಳದಲ್ಲೇ ಪಾಠ ನಡೆಸಿದರು. ಅಂಗನವಾಡಿ ಎಂಬ ಮಾತಿನಲ್ಲಿರುವುದು ಇದೇ ಅಂಗಳ. ಮುಂದೆ ಕೋಸಬಾಡದ ಗುಡ್ಡದ ಮೇಲೆ ಆದಿವಾಸಿಗಳ ನಡುವೆ ದುಡಿಯುವಾಗ, ಕೂಸು, ಬಾಲವಾಡಿಯ ಮಗು, ಪ್ರಾಥಮಿಕ ಶಾಲೆಯ ಮಗು, ಮೂವರಿಗೂ ಒಂದೇ ಆವಾರದಲ್ಲಿ ಜಾಗ ಮಾಡಿದರು. ತಮ್ಮನನ್ನು ಎತ್ತಿಕೊಂಡು ಬಂದ ಅಕ್ಕ ಅವನನ್ನು ಅಲ್ಲೇ ಇಳಿಸಿ ತನ್ನ ತರಗತಿಗೆ ಹೋಗಬಹುದಾಯಿತು. ಎಷ್ಟು ಸರಳವಾದ ಉಪಾಯ!

ಸರಕಾರದ ಅಂಗನವಾಡಿ ಯೋಜನೆ ದೇಶದಲ್ಲಿ ಆರಂಭವಾದದ್ದು 1975ರ ಅಕ್ಟೋಬರ್ 2ರಂದು. ಆರು ವರ್ಷದೊಳಗಿನ ಮಕ್ಕಳಿಗೆ ಆಹಾರ, ಮೂರರಿಂದ ಆರು ವರ್ಷದವರಿಗೆ ಆಟಪಾಠ ಅಲ್ಲಿ ಉಚಿತ. ಆದರೆ ಸಾಮಾನ್ಯ ಅಂಗನವಾಡಿ ಕೆಲವೇ ತಾಸು ನಡೆಯುತ್ತದೆ. ಎಂಟು ತಾಸು ದುಡಿಯುವ ತಾಯಿಗೆ ಅದು ಸಾಲದು. ಇಡೀ ದಿನ ಕೂಸನ್ನು ಇಟ್ಟುಕೊಳ್ಳುವ ಜಾಗಕ್ಕೆ ಮರಾಠಿಯಲ್ಲಿ ಪಾಳಣಾಘರ ಎನ್ನುತ್ತಾರೆ, ಎಂದರೆ ತೊಟ್ಟಿಲಮನೆ. ಈ ಮಾತನ್ನು ನೆನಪಿಡಿ, ಕೇಳುವಾಗ ಬೇಕಾಗುತ್ತದೆ. ಕಟ್ಟಡದ ಜಾಗಗಳಲ್ಲೇ ಮಕ್ಕಳನ್ನು ನೋಡಿಕೊಳ್ಳುವ ಕೆಲಸವನ್ನು 1969ರಲ್ಲಿ ಮೀರಾ ಮಹಾದೇವನ್ ಅವರು ದಿಲ್ಲಿಯಲ್ಲಿ ಆರಂಭಿಸಿದರು. ಅದು ಪುಣೆಗೂ ಬಂತು.

ಇನ್ನು ಕಾಯದೆಯ ಮಾತು. ಹಿಂದೆ ಕಾಯದೆ ಹೆಂಗಸರ ತಲೆಯೆಣಿಸುತ್ತಿತ್ತು: 1948ರ ಕಾರಖಾನೆ ಕಾಯದೆಗೆ 1976ರಲ್ಲಾದ ತಿದ್ದುಪಡಿಯಂತೆ 30ಕ್ಕಿಂತ ಹೆಚ್ಚು, 1996ರ ಕಟ್ಟಡ ಕಾರ್ಮಿಕರ ಕಾಯದೆಯಂತೆ 50ಕ್ಕಿಂತ ಹೆಚ್ಚು ಹೆಂಗಸರಿದ್ದರೆ ಮಾತ್ರ ಪಾಳಣಾಘರ. ಮಸ್ಟರಿನಲ್ಲಿ ಗಂಡನ ಹೆಸರನ್ನಷ್ಟೇ ಬರೆದು ಜೋಡಿಗೆ ಕೂಲಿ ಕೊಡುವ ಕಡೆ ಈ ಲೆಕ್ಕ ಎಂದಾದರೂ ತುಂಬೀತೇ? 2017ರ ತಿದ್ದುಪಡಿಯಿಂದ ಹೆರಿಗೆ ಸೌಲಭ್ಯದ ಕಾಯದೆ ಗಂಡಸರನ್ನೂ ಸೇರಿಸಿ ಎಣಿಸತೊಡಗಿತು. ಒಟ್ಟು 50 ನೌಕರರಿರುವಲ್ಲಿ ಪಾಳಣಾಘರ ಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿ ಬರಬಹುದು. ಮೊದಲ ಎರಡು ಹೆರಿಗೆಗೆ 26 ವಾರ ಸಂಬಳಸಹಿತ ರಜೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಸುರಕ್ಷಾ ಸಂಹಿತೆಯೂ ಇವನ್ನು ಉಳಿಸಿಕೊಂಡಿದೆ. ಆದುದರಿಂದ ಅಕ್ಕತಂಗಿಯರು ಮೊದಲು ತಮ್ಮ ಹೆಸರು ಮಸ್ಟರಿನಲ್ಲಿದೆಯೇ ಎಂದು ಮುಕಾದಮನನ್ನು ಕೇಳಬೇಕು. ಒಬ್ಬೊಬ್ಬರೇ ಹೋಗಬೇಡಿ, ನಾಲ್ವರು ಕೂಡಿ ಹೋಗಿ.

ಕೇಂದ್ರ ಸರಕಾರದ ಕಚೇರಿಗಳಲ್ಲಿ ಕಾರಕೂನರಾಗಿರುವ ಹೆಣ್ಣುಮಕ್ಕಳಿಗೆ ಮಕ್ಕಳ ಪಾಲನೆಗೆಂದು ಇಡೀ ಸೇವೆಯಲ್ಲಿ 730 ದಿನಗಳ ರಜೆಯುಂಟು. ಪರೀಕ್ಷೆ, ಕಾಯಿಲೆಗಳಿಗೂ ಅದನ್ನು ಬಳಸಬಹುದು. ಹೆಂಡತಿಯಿಲ್ಲದೆ ಒಬ್ಬನೇ ಮಕ್ಕಳನ್ನು ಸಾಕುವ ತಂದೆಗೂ ಅದು ದೊರೆಯುತ್ತದೆ. ಉಳಿದ ತಂದೆಯರಿಗೆ ಹೆರಿಗೆಯ ವೇಳೆ 15 ದಿನ. ಆ ಹದಿನೈದು ದಿನವನ್ನೂ ಪಡೆಯಲು ನಾಚುವವರನ್ನು ನಾನು ಕಂಡಿದ್ದೇನೆ. ನಾಚಿಕೆ ಯಾತಕ್ಕೋ ತಿಳಿಯದು.

ಶಾಲೆ ಬಿಟ್ಟ ಆ ಹಿರಿಯ ಹುಡುಗಿಯ ಮಾತಿಗೆ ಮರಳೋಣ. 2009ರ ಶಿಕ್ಷಣ ಹಕ್ಕಿನ ಕಾಯದೆಯಂತೆ ಊರ ಶಾಲೆಯ ದಾಖಲೆ ತಡವಾಯಿತೆಂದಾಗಲಿ, ವಯಸ್ಸಿನ ದಾಖಲೆ ಇಲ್ಲವೆಂದಾಗಲಿ ಆಕೆಯನ್ನು ಇಲ್ಲಿಯ ಸರಕಾರಿ ಶಾಲೆ ತಿರುಗಿ ಕಳಿಸುವಂತಿಲ್ಲ. ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು. ಮರಾಠಿ ಬಾರದೆಂದು ಹೆದರುವವರು ತಾವೇ. ಮಕ್ಕಳು ಬಲು ಬೇಗ ಕಲಿತುಬಿಡುತ್ತಾರೆ. ಕನ್ನಡವನ್ನು ರಾತ್ರಿ ಊಟದ ಹೊತ್ತಿಗೆ ತಂದೆಯೇ ಕಲಿಸಲಿ. ಅರ್ಜಿ ಬರೆಯಲು ಬಾರದವರು ವಾಚನಾಲಯದಲ್ಲಿ ಕುಳಿತಿರುವ ಯಾವನಾದರೊಬ್ಬ ಕಾರಕೂನನನ್ನು ಕೇಳಿದರೆ ಆತ ಇಲ್ಲವೆನ್ನಲಾರ. ಕೂಸಿನ ಲಸಿಕೆಯ ಕಾರ್ಡು ಊರಿನಲ್ಲೇ ಉಳಿದಿದ್ದರೆ ಮುಂದಿನ ಸಲ ಹೋದಾಗ ತಪ್ಪದೆ ತನ್ನಿ. ಅಂಗನವಾಡಿಯಲ್ಲಿ ಅದನ್ನು ಮೊದಲೇ ಕೇಳುತ್ತಾರೆ.