ಮಧ್ಯಮ ಹಂತದ ಹುದ್ದೆ: ಬಡ್ತಿಯೋ, ನೇರ ನೇಮಕವೋ?

ವಸ್ತಾರೆ ಚಿಕ್ಕಮಗಳೂರು ತಾಲ್ಲೂಕಿನ ಹೋಬಳಿ. ಇಲ್ಲಿ ಗ್ರಾಮ ಆಡಳಿತ ಅಧಿಕಾರಿಯ ಮೇಲೆ ಕಂದಾಯ ನಿರೀಕ್ಷಕ, ತಾಲ್ಲೂಕಿಗೆ ತಹಶೀಲ್ದಾರ್. ತಹಶೀಲ್ದಾರ್ ಗ್ರೇಡ್-2 ಹುದ್ದೆಗೆ ದಾರಿ ಎರಡು: ಕೆಪಿಎಸ್‌ಸಿಯ ಗೆಜೆಟೆಡ್ ಪ್ರೊಬೇಷನರ್ ಪರೀಕ್ಷೆ, ಇಲ್ಲವೇ ಇಲಾಖೆಯೊಳಗಿನ ಬಡ್ತಿ.

ಕೆಳಗಿನಿಂದ ಬಂದವರಿಗೆ ಪಹಣಿ ತಿದ್ದುಪಡಿ, ಪೋಡಿ, ಕಾಫಿ ತೋಟದ ಅಂಚಿನ ಒತ್ತುವರಿ ತಕರಾರು ಕಡತ ತೆರೆಯುವ ಮೊದಲೇ ಅರ್ಧ ಗೊತ್ತಿರುತ್ತದೆ. ಹಳೆಯ ಮುಲಾಜುಗಳೂ ಜೊತೆಗೇ ಬರುತ್ತವೆ, ಅದನ್ನು ಪಠ್ಯಪುಸ್ತಕ ಹೇಳುವುದಿಲ್ಲ. ನೇರ ನೇಮಕದವರಿಗೆ ಆ ಹಂಗಿಲ್ಲ. ಸ್ಥಳದ ಪರಿಚಯವೂ ಇಲ್ಲ. ಎರಡೂ ಕಡೆಯವರು ಒಂದೇ ಜ್ಯೇಷ್ಠತಾ ಪಟ್ಟಿಗೆ ಸೇರಿದಾಗ ವ್ಯಾಜ್ಯ ಶುರು.

ಜ್ಯೇಷ್ಠತೆಯ ಇನ್ನೊಂದು ವ್ಯಾಜ್ಯ ಬಡ್ತಿಯಲ್ಲಿನ ಮೀಸಲಾತಿಯದು. ಪರೀಕ್ಷೆಗೆ: ಸಂವಿಧಾನದಲ್ಲಿ ಬಡ್ತಿ ಮೀಸಲಾತಿಯ 16(4ಎ) ವಿಧಿ 77ನೇ ತಿದ್ದುಪಡಿಯಿಂದ (1995) ಬಂತು, ತತ್ಪರಿಣಾಮ ಜ್ಯೇಷ್ಠತೆ (ಮೀಸಲು ಬಡ್ತಿಯಿಂದ ಸಿಗುವ ಹಿರಿತನ) 85ನೆಯದರಿಂದ (2001). ಬಿ.ಕೆ. ಪವಿತ್ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರಲ್ಲಿ ಕರ್ನಾಟಕದ 2002ರ ಜ್ಯೇಷ್ಠತಾ ಕಾಯ್ದೆಯ ಮುಖ್ಯ ಕಲಂಗಳನ್ನು ರದ್ದುಪಡಿಸಿತು. ದತ್ತಾಂಶ ಸಂಗ್ರಹಿಸಿ ತಂದ 2018ರ ಕಾಯ್ದೆಯನ್ನು 2019ರ ಮೇ 10ರಂದು ಎತ್ತಿಹಿಡಿಯಿತು. ಈ ಎರಡು ತೀರ್ಪುಗಳನ್ನು ಅದಲುಬದಲು ಮಾಡಿಕೊಳ್ಳುವವರೇ ಹೆಚ್ಚು.