ಕಾಡಿನ ಶಾಸನ

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಉತ್ತರಕ್ಕೆ ಜಿನನಾಥಪುರವೆಂಬ ಗ್ರಾಮವಿದೆ. ಹೊಯ್ಸಳರ ಕಾಲದ ಶಾಂತಿನಾಥ ಬಸದಿಯಿಂದ ಅದು ಪ್ರಸಿದ್ಧವಾಗಿದೆ. ಇಲ್ಲಿಗೆ ಬರುವ ಯಾತ್ರಿಕರು ಬಸದಿಯ ಹೊರಗೋಡೆಯ ಶಿಲ್ಪಗಳನ್ನು ಕಂಡು ಬೆರಗಾಗುತ್ತಾರೆ. ಚಿಕ್ಕಬೆಟ್ಟವನ್ನೇರಿ ಬಂಡೆಗಳ ಮೇಲಿನ ಶಾಸನಗಳನ್ನು ನೋಡುತ್ತಾರೆ. ಆ ಬಂಡೆಗಳ ಸಂದಿನಲ್ಲಿ ಬೇರೂರಿ ನಿಂತ ಗಿಡಗಂಟಿಗಳತ್ತ ಕಣ್ಣು ಹಾಯಿಸುವವರು ವಿರಳ. ಬೆಳಗೊಳದ ಶಾಸನಗಳನ್ನು ಬಿ. ಎಲ್. ರೈಸ್ ಅವರು 1889ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಇದರಿಂದ ಕಲ್ಲು ಸವೆದರೂ ಅದರ ಮಾತು ಉಳಿಯುವಂತಾಯಿತು. ನೆಲದ ಮೇಲಿನ ಸಸ್ಯಗಳಿಗೂ ಇಂಥ ದಾಖಲೆಯೊಂದು ಬೇಡವೆ? ಈ ಅಗತ್ಯವನ್ನು ಪೂರೈಸುವುದೇ ಸಸ್ಯನಕ್ಷೆ.

ಹಾಸನ ಜಿಲ್ಲೆ ಈ ವಿದ್ಯೆಯನ್ನು ಕಲಿಯಲು ಉತ್ತಮವಾದ ಪಾಠಶಾಲೆ. ಜಿನನಾಥಪುರದಿಂದ ಪಶ್ಚಿಮಕ್ಕೆ, ಸಕಲೇಶಪುರ ತಾಲ್ಲೂಕಿನ ಬಿಸಿಲೆಯವರೆಗೆ ನೇರವಾಗಿ ಗೆರೆ ಎಳೆದರೆ ಅದರ ಉದ್ದ ನೂರು ಕಿಲೋಮೀಟರೂ ಆಗುವುದಿಲ್ಲ. ಆದರೆ ಅಷ್ಟರೊಳಗೆ ನಾಡಿನ ಚಹರೆಯೇ ಬದಲಾಗುತ್ತದೆ. ಪೂರ್ವದ ಚನ್ನರಾಯಪಟ್ಟಣ ಸೀಮೆಯಲ್ಲಿ ವಾರ್ಷಿಕ ಮಳೆ 1000 ಮಿಲಿಮೀಟರಿಗಿಂತ ಕಡಮೆ. ಘಟ್ಟದಂಚಿನಲ್ಲಿ ಅದು ಹಲವು ಪಟ್ಟು ಹೆಚ್ಚು. ಒಣ ಬಯಲುಸೀಮೆಯ ಸಹಜ ಸಸ್ಯಗಳು ತುಗ್ಗಲಿ, ಕಗ್ಗಲಿ, ಕಾರೆ, ಶ್ರೀಗಂಧ ಮೊದಲಾದುವು. ಪಶ್ಚಿಮಕ್ಕೆ ಸಾಗಿದಂತೆ ಬೇಸಗೆಯಲ್ಲಿ ಎಲೆಯುದುರಿಸುವ ಮತ್ತಿ, ಹೊನ್ನೆ, ದಿಂಡಿಗದ ಕಾಡು ಬರುತ್ತದೆ. ಘಟ್ಟದಂಚನ್ನು ಮುಟ್ಟಿದಾಗ ಬಲಗಿ, ನಾಗಸಂಪಿಗೆಗಳಂಥ ಮರಗಳಿಂದ ಕೂಡಿದ ನಿತ್ಯಹರಿದ್ವರ್ಣದ ಅರಣ್ಯ ಎದುರಾಗುತ್ತದೆ.

ಈ ಸಸ್ಯಸಂಪತ್ತನ್ನು ಕ್ರಮಬದ್ಧವಾಗಿ ಅಭ್ಯಸಿಸಿದವರಲ್ಲಿ ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಸಿಸಿಲ್ ಸಲ್ಡಾನ ಅವರು ಪ್ರಮುಖರು. ಅವರೂ ಅಮೆರಿಕೆಯ ಸ್ಮಿತ್‌ಸೋನಿಯನ್ ಸಂಸ್ಥೆಯ ಡ್ಯಾನ್ ನಿಕಲ್ಸನ್ ಅವರೂ ಸಂಪಾದಿಸಿದ ಹಾಸನ ಜಿಲ್ಲೆಯ ಸಸ್ಯಗ್ರಂಥವು 1976ರಲ್ಲಿ ಪ್ರಕಟವಾಯಿತು. ಜಿಲ್ಲೆಯಲ್ಲಿ ಯಾವ ಯಾವ ಸಸ್ಯಗಳಿವೆ, ಅವುಗಳ ಲಕ್ಷಣಗಳೇನು ಎಂಬುದನ್ನು ಅದು ತಿಳಿಸುತ್ತದೆ. ಆದರೆ ಯಾವ ಬಗೆಯ ಕಾಡು ಎಲ್ಲಿಂದ ಎಲ್ಲಿಯವರೆಗೆ ಹಬ್ಬಿದೆ ಎಂಬುದನ್ನು ಕಣ್ಣಿಗೆ ಕಾಣುವಂತೆ ತೋರಿಸಲು ನಕ್ಷೆಯೇ ಬೇಕು.

1955ರಲ್ಲಿ ಸ್ಥಾಪಿತವಾದ ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯು ಈ ಕಾರ್ಯವನ್ನು ಕೈಗೊಂಡಿತು. ಮೊದಲು ತಯಾರಾದುದು ಹತ್ತು ಲಕ್ಷಕ್ಕೆ ಒಂದರ ಪ್ರಮಾಣದ ನಕ್ಷೆಗಳು. ಅವುಗಳಲ್ಲಿ ಒಂದು ಸೆಂಟಿಮೀಟರು ನೆಲದ ಮೇಲಿನ ಹತ್ತು ಕಿಲೋಮೀಟರುಗಳಿಗೆ ಸಮ. ಅನಂತರ ಜೆ. ಪಿ. ಪಾಸ್ಕಲ್ ಅವರ ನೇತೃತ್ವದಲ್ಲಿ, ಕರ್ನಾಟಕ ಅರಣ್ಯ ಇಲಾಖೆಯ ಸಹಕಾರದಿಂದ, ಎರಡೂವರೆ ಲಕ್ಷಕ್ಕೆ ಒಂದರ ಪ್ರಮಾಣದ ಅರಣ್ಯನಕ್ಷೆಗಳು 1982ರಿಂದ ಹೊರಬಂದುವು. ಇವುಗಳಲ್ಲಿ ಕಾಡಿನ ಬಗೆಗಳನ್ನು ಅಲ್ಲಿ ಬೆಳೆಯುವ ವಿಶಿಷ್ಟ ಮರಗಳ ಹೆಸರಿನಿಂದಲೇ ಗುರುತಿಸಲಾಯಿತು.

ನಕ್ಷೆಯನ್ನು ತಯಾರಿಸುವುದು ಕೇವಲ ಮೇಜಿನ ಮುಂದೆ ಕುಳಿತು ಮಾಡುವ ಕೆಲಸವಲ್ಲ. ವಿಮಾನದಿಂದಲೋ ಉಪಗ್ರಹದಿಂದಲೋ ತೆಗೆದ ಚಿತ್ರಗಳಲ್ಲಿ ಮೊದಲು ಬಣ್ಣ ಮತ್ತು ದಟ್ಟಣೆಯ ವ್ಯತ್ಯಾಸಗಳನ್ನು ಗುರುತಿಸುತ್ತಾರೆ. ಬಳಿಕ ಆ ಸ್ಥಳಗಳಿಗೆ ಹೋಗಿ, ನೆಲದಲ್ಲಿ ನಿಶ್ಚಿತ ಅಳತೆಯ ಚೌಕಗಳನ್ನು ಹಾಕಿ, ಒಳಗಿನ ಮರಗಳನ್ನು ಎಣಿಸುತ್ತಾರೆ. ಎದೆಮಟ್ಟದಲ್ಲಿ ಅವುಗಳ ಸುತ್ತಳತೆಯನ್ನು ತೆಗೆದುಕೊಳ್ಳುತ್ತಾರೆ. ಗುರುತು ಸಿಗದ ಸಸ್ಯದ ರೆಂಬೆಯನ್ನು ಕಾಗದಗಳ ನಡುವೆ ಒತ್ತಿ ಒಣಗಿಸಿ, ತಜ್ಞರಿಂದ ಹೆಸರನ್ನು ತಿಳಿದುಕೊಳ್ಳುತ್ತಾರೆ. ಚಿತ್ರದ ಸಾಕ್ಷ್ಯವೂ ನೆಲದ ಸಾಕ್ಷ್ಯವೂ ಹೊಂದಿಕೆಯಾದ ಮೇಲೆಯೇ ಗಡಿರೇಖೆಯನ್ನು ಎಳೆಯುವುದು.

ಈ ಶ್ರಮಕ್ಕೆ ಬಲವಾದ ಕಾರಣವಿದೆ. ಹಸುರಾಗಿ ಕಾಣುವುದೆಲ್ಲವೂ ಸಹಜವಾದ ಕಾಡಲ್ಲ. ನೀಲಗಿರಿ ಮರ ಆಸ್ಟ್ರೇಲಿಯದಿಂದ ಬಂದದ್ದು. ಲಂಟಾನ, ಬಳ್ಳಾರಿ ಜಾಲಿಗಳ ತವರು ಅಮೆರಿಕ ಖಂಡ. ದೂರದಿಂದ ತೆಗೆದ ಚಿತ್ರದಲ್ಲಿ ನೆಡುತೋಪಿನ ಹಸುರು ಕಾಡಿನ ಹಸುರೆಂದು ಭ್ರಮೆ ಹುಟ್ಟಿಸಬಲ್ಲುದು. ಸಿಂಗಳೀಕವು ಹೆಚ್ಚಾಗಿ ಮರದಿಂದ ಮರಕ್ಕೆ ಸಾಗುತ್ತ, ಕಾಡಿನ ಹಣ್ಣುಗಳನ್ನು ತಿಂದು ಬದುಕುವ ಪ್ರಾಣಿ. ಎರಡು ಕಾಡುಗಳ ನಡುವಿನ ಮರಗಳು ಅಳಿದರೆ ಅದರ ಹಾದಿ ಮುಚ್ಚಿದಂತೆಯೇ. ಆ ಹಾದಿ ಎಲ್ಲಿ ತುಂಡಾಗಿದೆ, ಎಲ್ಲಿ ಇನ್ನೂ ಉಳಿದಿದೆ ಎಂಬುದನ್ನು ತಿಳಿಸಬಲ್ಲದ್ದು ಸರಿಯಾದ ನಕ್ಷೆ. 2012ರಲ್ಲಿ ಯುನೆಸ್ಕೊ ಸಂಸ್ಥೆಯು ಪಶ್ಚಿಮಘಟ್ಟಗಳ 39 ತಾಣಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅವುಗಳಲ್ಲಿ 10 ಕರ್ನಾಟಕದಲ್ಲಿವೆ.

ಘಟ್ಟದ ದಟ್ಟ ಕಾಡಿನ ಹಿರಿಮೆಯನ್ನು ಜಗತ್ತು ಒಪ್ಪಿದೆ. ಬಯಲುಸೀಮೆಯ ಕುರುಚಲಿಗೆ ಮಾತ್ರ ಆ ಭಾಗ್ಯವಿಲ್ಲ. ನೋಟಕ್ಕೆ ಅದು ಬಡಕಲು. ಅದನ್ನು 'ಪಾಳುಭೂಮಿ' ಎಂದು ಬರೆದುಬಿಟ್ಟರೆ, ಅಗೆದು ಬೇರೆ ಮರಗಳನ್ನು ನೆಡುವುದೇ ಉಪಕಾರವೆಂದು ತೋರುತ್ತದೆ. ಆದರೆ ಕಡಮೆ ಮಳೆಯಲ್ಲಿ, ತೆಳುವಾದ ಮಣ್ಣಿನಲ್ಲಿ ಬದುಕುವುದನ್ನು ಕಲಿತ ಸಸ್ಯಗಳ ಸಮುದಾಯವದು. ದನಕರುಗಳಿಗೆ ಮೇವು, ಹಕ್ಕಿಗಳಿಗೆ ಹಣ್ಣು, ಜೇನಿಗೆ ಹೂವು ಅದರಿಂದ ದೊರೆಯುತ್ತವೆ. ನಕ್ಷೆಯಲ್ಲಿ ಬರೆಯುವ ಒಂದು ಪದವೂ ಒಂದು ಗುಡ್ಡದ ಅಳಿವು ಉಳಿವನ್ನು ನಿರ್ಧರಿಸಬಲ್ಲುದು.

ಎರಡೂವರೆ ಲಕ್ಷಕ್ಕೆ ಒಂದರ ನಕ್ಷೆಯಲ್ಲಿ ಅರ್ಧ ಕಿಲೋಮೀಟರು ಅಗಲದ ಗುಡ್ಡಕ್ಕೆ ದೊರೆಯುವ ಜಾಗ ಎರಡೇ ಮಿಲಿಮೀಟರು. ಅಲ್ಲಿ ಸಣ್ಣ ಗುಡ್ಡಗಳೂ ದೇವರ ಕಾಡುಗಳೂ ಸುಲಭವಾಗಿ ಮರೆಯಾಗುತ್ತವೆ. ಅವುಗಳಿಗಾಗಿ ಊರೂರಿನ ಮಟ್ಟದಲ್ಲಿ ವಿವರವಾದ ನಕ್ಷೆಗಳು ಸಿದ್ಧವಾಗಬೇಕು. ದನ ಮೇಯಿಸುವವರು, ನಾಟಿವೈದ್ಯರು, ಹಿರಿಯ ರೈತರು ಇಂಥ ಕಾರ್ಯದಲ್ಲಿ ವಿಜ್ಞಾನಿಗೆ ಗುರುಗಳಾಗಬಲ್ಲರು. ಶಾಲೆಯ ಮಕ್ಕಳೂ ತಮ್ಮೂರಿನ ಗುಡ್ಡದ ಮರಗಳ ಹೆಸರುಗಳನ್ನು ಕೇಳಿ ಬರೆದಿಡಬಹುದು.

ಕಲ್ಲಿನ ಶಾಸನ ಒಡೆದರೆ ಅದರ ಪ್ರತಿಯಾದರೂ ಗ್ರಂಥದಲ್ಲಿ ಉಳಿದೀತು. ದಾಖಲಾಗದ ಕಾಡು ಅಳಿದರೆ, ಅಳಿದದ್ದು ಏನೆಂಬುದೂ ಮುಂದಿನವರಿಗೆ ತಿಳಿಯದು. ದಾಖಲೆಯೊಂದಿದ್ದರೆ, ಬರಡಾದ ನೆಲದಲ್ಲಿ ಯಾವ ಮರವನ್ನು ಮರಳಿ ನೆಡಬೇಕೆಂಬುದಾದರೂ ಗೊತ್ತಾಗುತ್ತದೆ.